ಚಿತ್ರದ ಎಡ ಅಂಚು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಒಬ್ಬ ಮನುಷ್ಯ ಲೆನ್ಸ್ ಕೊಳ್ಳಲು ಹೋದದ್ದು ಕಥೆಯಾಗುತ್ತದೆಯೇ ಎಂದರೆ ನನ್ನಲ್ಲಿ ಉತ್ತರವಿಲ್ಲ. ಇದನ್ನು ಹೇಳಲು ನನಗಿಂತ ತಕ್ಕವರು ಇದ್ದಾರು. ಅವರು ಯಾರೂ ಹೇಳುವ ಹಾಗೆ ಕಾಣಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಲೆನ್ಸನ್ನು ದೀಪಕ್ಕೆ ಹಿಡಿದಾಗ ಇಡೀ ಅಂಗಡಿ ಅದರೊಳಗೆ ಮುಳುಗಿತು. ಗಾಜಿನ ಕಪಾಟುಗಳು, ಅವುಗಳ ಮುಂದೆ ಬಗ್ಗಿ ನಿಂತ ಮುದುಕರು, ಮೇಲಿನ ಟ್ಯೂಬ್‌ಲೈಟುಗಳು ಎಲ್ಲವೂ ಬಾಗಿ, ಕುಗ್ಗಿ, ನೇರಳೆ ನೀರಿನ ತಳದಲ್ಲಿ ಕೂತಂತೆ ಕಂಡವು. ತೊಕಿತಾ ಅದರಲ್ಲಿ ತನ್ನ ಮುಖ ಹುಡುಕಿದ. ಸಿಗಲಿಲ್ಲ. ಬೆರಳುಗಳು ಮಾತ್ರ ಇದ್ದವು, ದೊಡ್ಡದಾಗಿ, ಬೇರೆ ಯಾರದೋ ಎಂಬಂತೆ.

“ಬೂಷ್ಟಿಲ್ಲ, ಗೀರಿಲ್ಲ,” ಎಂದಳು ಕೌಂಟರಿನ ಹಯಾಮಿ. “ಒಳಗಡೆ ಒಂಚೂರು ಮಂಜು ಇದೆ. ಫೋಟೊದಲ್ಲಿ ಗೊತ್ತಾಗಲ್ಲ.”

“ಗೊತ್ತಾಗಲ್ವಾ?”

“ಅಂಚು ನೋಡೋರಿಗೆ ಗೊತ್ತಾಗಬಹುದು.”

ತೊಕಿತಾ ಅಂಚು ನೋಡುವವನು. ಹಯಾಮಿಗೆ ಅದು ತಿಳಿದಿತ್ತು. ಎಷ್ಟೋ ಶನಿವಾರಗಳಿಂದ ಅವನು ನಕಾನೊ ಸ್ಟೇಷನ್ನಿನ ಹಿಂದಿನ ಈ ಹಳೇ ಕ್ಯಾಮೆರಾಗಳ ಅಂಗಡಿಗೆ ಬರುತ್ತಿದ್ದ, ನೋಡುತ್ತಿದ್ದ, ಬಗ್ಗಿ ವಂದಿಸಿ ಹೊರಡುತ್ತಿದ್ದ. ಅವಳು ಪ್ರತಿ ಸಲವೂ ಹೊಸ ಗಿರಾಕಿಗೆ ತೋರಿಸುವ ತಾಳ್ಮೆಯಿಂದ ಕೈಗವಸು ತೊಟ್ಟು, ಮಖಮಲ್ಲಿನ ತಟ್ಟೆಯ ಮೇಲೆ ಲೆನ್ಸುಗಳನ್ನು ಸಾಲಾಗಿ ಇಡುತ್ತಿದ್ದಳು.

ಇವತ್ತು ಮೂರು ಇದ್ದವು. ಮೂರೂ ಪುಟ್ಟವು, ಸೀಸೆಯ ಮುಚ್ಚಳಕ್ಕಿಂತ ಸ್ವಲ್ಪ ದಪ್ಪ ಅಷ್ಟೇ. ಇಪ್ಪತ್ತೊಂದು, ಇಪ್ಪತ್ತೈದು, ಇಪ್ಪತ್ತೆಂಟು ಮಿಲಿಮೀಟರಿನವು. ಅಂಕಿ ಚಿಕ್ಕದಾದಷ್ಟೂ ಕಾಣುವ ಜಗತ್ತು ಅಗಲ.

ತೊಕಿತಾನ ಬಳಿ ಇಷ್ಟು ವರ್ಷ ಇದ್ದದ್ದು ಐವತ್ತು. ಐವತ್ತರಲ್ಲಿ ದೂರ ನಿಂತು, ಬೇಕಾದದ್ದನ್ನು ಮಾತ್ರ ಕತ್ತರಿಸಿ ತೆಗೆದುಕೊಳ್ಳಬಹುದು. ಅದು ಅವನಿಗೆ ಒಗ್ಗಿತ್ತು. ಆದರೆ ಬೇಸಿಗೆಯಲ್ಲಿ ಹೆಂಡತಿ ಚಿಗುಸಾ ಹೇಳಿದಳು: ನಮ್ಮ ಕಟ್ಟಡ ಕೆಡವೋ ಮೊದಲು ಮನೇದೊಂದು ಫೋಟೊ ತೆಗೀರಿ. ಅವನು ಗೋಡೆಗೆ ಬೆನ್ನು ಒತ್ತಿ ನಿಂತು ತೆಗೆದ. ಆರು ಚಾಪೆ ಹಾಸಿದರೆ ತುಂಬುವ ಕೋಣೆ. ಚಿತ್ರದಲ್ಲಿ ಬಂದದ್ದು ಅರ್ಧ ಬೀರು ಮತ್ತು ಹೆಂಡತಿಯ ಮೊಣಕೈ. ಇದಕ್ಕೆ ಅಗಲದ ಲೆನ್ಸ್ ಬೇಕು ಎಂದ. ತಗೊಳಿ ಮತ್ತೆ ಎಂದಳು. ಹುಡುಕಾಟ ಶುರುವಾದದ್ದು ಅಲ್ಲಿಂದ. ಈಗ, ಗಿಂಕೋ ಮರಗಳ ಎಲೆ ಹಳದಿಯಾಗಿ ಉದುರುವ ಹೊತ್ತಿಗೆ, ಚಿತ್ರ ತೆಗೆಯಬೇಕಾದ ಮನೆಯೇ ರಟ್ಟಿನ ಪೆಟ್ಟಿಗೆಗಳೊಳಗೆ ಹೋಗಿ ಸೇರುತ್ತಿತ್ತು.

“ಪರೀಕ್ಷೆ ಮಾಡಿ ನೋಡ್ತೀರಾ?” ಹಯಾಮಿ ಕೇಳಿದಳು. “ನಿಮ್ಮ ಕ್ಯಾಮೆರಾಕ್ಕೆ ಹಾಕಿ, ಬಾಗಿಲಲ್ಲಿ ನಿಂತು ತೆಗೀರಿ. ಇವತ್ತು ಬೆಳಕು ಚೆನ್ನಾಗಿದೆ.”

“ತೊಂದರೆ ಕೊಡ್ತಿದೀನಿ.”

“ಛೆ ಛೆ, ಅದೇನು ಮಾತು.”

ಅವನು ಚೀಲದಿಂದ ಕ್ಯಾಮೆರಾ ತೆಗೆದ. ಲೆನ್ಸಿನ ಮುಚ್ಚಳ ಎಲ್ಲಿಟ್ಟೆನೆಂದು ಕೋಟಿನ ಜೇಬು ತಡಕಾಡಿದಾಗ ಬೆರಳಿಗೆ ತಗುಲಿದ್ದು ಮುಚ್ಚಳವಲ್ಲ, ಕಾಗದಪತ್ರಗಳಿಗೆ ಸಹಿಯ ಬದಲು ಒತ್ತುವ ಅವನ ಹೆಸರಿನ ಮುದ್ರೆ. ಕೊಂಬಿನಿಂದ ಮಾಡಿದ, ಕಿರುಬೆರಳಷ್ಟು ದಪ್ಪದ, ತಣ್ಣಗಿನ ಮುದ್ರೆ. ಬೆಳಿಗ್ಗೆ ಚಿಗುಸಾ ಅದನ್ನು ಅವನ ಅನ್ನದ ಬಟ್ಟಲಿನ ಪಕ್ಕದಲ್ಲಿ ಇಟ್ಟಿದ್ದಳು, ಚಾಪ್‌ಸ್ಟಿಕ್ ಇಟ್ಟಷ್ಟೇ ಸಹಜವಾಗಿ.

“ಮೂರು ಗಂಟೆಗೆ ಬಾಡಿಗೆ ಮನೆ ಏಜೆಂಟ್ ಹತ್ರ ಹೋಗ್ತೀನಿ,” ಎಂದಿದ್ದಳು. “ಎರಡು ಮನೆ ಹಿಡಿದಿಟ್ಟಿದಾರೆ. ಒಂದು ಎರಡು ರೂಮಿಂದು, ಇನ್ನೊಂದು ಒಂದು ರೂಮಿಂದು. ನೀವು ಬಂದ್ರೆ ದೊಡ್ಡದಕ್ಕೆ ಇಬ್ಬರ ಮುದ್ರೆ ಹಾಕೋಣ. ಬರ್ಲಿಲ್ಲಾಂದ್ರೆ ಚಿಕ್ಕದಕ್ಕೆ ನಾನೊಬ್ಬಳೇ ಹಾಕ್ತೀನಿ.”

ಅವನು ಮಿಸೊ ಸಾರು ಕುಡಿಯುತ್ತಿದ್ದ. ಬಟ್ಟಲು ಇಳಿಸಲಿಲ್ಲ.

“ನಾನು ಬರಲ್ಲ ಅಂತ ಯಾಕೆ ಅಂದ್ಕೊಂಡೆ?”

“ಅಂದ್ಕೊಂಡಿಲ್ಲ ರೀ. ಕೇಳ್ತಿದೀನಿ.”

“ಹಾಗಾದ್ರೆ ನಾನೆಲ್ಲಿ ಇರ್ಬೇಕು?”

“ಅದನ್ನ ನೀವೇ ಹೇಳ್ಬೇಕು. ಜೂನ್‌ನಿಂದ ಕೇಳ್ತಿದೀನಿ, ನೀವು ಹೇಳ್ತಿಲ್ಲ.”

“ನೋಡೋಣ.”

ಚಿಗುಸಾ ನಕ್ಕಿದ್ದಳು. ಅದು ಕೋಪದ ನಗುವಾಗಿರಲಿಲ್ಲ. ಕೋಪದ್ದಾಗಿದ್ದರೆ ಅವನಿಗೆ ಅರ್ಥವಾಗುತ್ತಿತ್ತು.

“ನೋಡಿ, ನೋಡಿ. ಅದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ.” ಆಮೇಲೆ ಒಂದು ಲೋಟವನ್ನು ಹಳೇ ಪತ್ರಿಕೆಯಲ್ಲಿ ಸುತ್ತುತ್ತ, ತೀರಾ ಸಾಮಾನ್ಯ ದನಿಯಲ್ಲಿ, “ಮೀನು ತಣ್ಣಗಾಗುತ್ತೆ, ತಿನ್ನಿ,” ಎಂದಳು.

ತೊಕಿತಾ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿದವನು. ಶಾಲಾ ಪಠ್ಯಪುಸ್ತಕಗಳ ಪ್ರಕಾಶನದಲ್ಲಿ ಕರಡು ತಿದ್ದುವುದು ಅವನ ಕೆಲಸ. ಹೆಂಡತಿಯ ಜೊತೆ ಇರಬೇಕೆಂಬ ಆಸೆ ತನಗಿದೆಯೇ ಎಂದು ಅವನು ಬೇಸಿಗೆಯಿಡೀ ತನ್ನನ್ನು ಕೇಳಿಕೊಂಡಿದ್ದ. ಇಲ್ಲ ಎನ್ನಲು ಕಾರಣ ಸಿಗಲಿಲ್ಲ. ಹೌದು ಎನ್ನಲೂ ಸಿಗಲಿಲ್ಲ. ತಪ್ಪೇ ಇಲ್ಲದ ಪುಟ ಕೈಗೆ ಬಂದಾಗ ಕರಡು ತಿದ್ದುವವನಿಗೆ ಆಗುವ ಕಸಿವಿಸಿ ಅದು; ಏನೋ ಕಣ್ತಪ್ಪಿರಬೇಕು ಎಂದು ಮತ್ತೆ ಮೊದಲಿನಿಂದ ಓದುವುದು.

ಹೋಗುವುದಂತೂ ಖಚಿತ ಎಂದು ಮನೆಯಿಂದ ಹೊರಡುವಾಗ ಅಂದುಕೊಂಡಿದ್ದ. ಏಜೆಂಟನ ಕಚೇರಿ ಈ ಅಂಗಡಿಗೆ ಎದುರಾಗಿ, ರಸ್ತೆಯ ಆ ಬದಿ, ಸ್ವಲ್ಪ ಎಡಕ್ಕಿತ್ತು. ಇಲ್ಲಿಯೇ ಇದ್ದರೆ ತಡವಾಗುವ ಭಯವಿಲ್ಲ. ಮೊದಲು ಲೆನ್ಸ್ ತೀರ್ಮಾನವಾಗಲಿ. ಒಂದು ಸಣ್ಣ ತೀರ್ಮಾನವಾದರೆ ಅದರ ಬೆನ್ನಿಗೇ ದೊಡ್ಡದೂ ಆದೀತು.

“ಓಹೋ, ತೊಕಿತಾ-ಸಾನ್! ಕೆಸರಿಗೆ ಸ್ವಾಗತ!”

ಉಸಾಮಿ. ವಾರ್ಡಿನ ಸಭಾಂಗಣದಲ್ಲಿ ಸೇರುವ ಛಾಯಾಚಿತ್ರ ಬಳಗದ ಹಿರಿಯ. ರೈಲ್ವೆಯಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು; ದನಿ ಇನ್ನೂ ಕೊನೆಯ ಬೋಗಿಯವರೆಗೆ ಕೇಳುವಂಥದು. ಒಂದು ಲೆನ್ಸ್ ಕೊಂಡವನು ಇನ್ನೊಂದು, ಮತ್ತೊಂದು ಎಂದು ಹೂತುಹೋಗುವುದಕ್ಕೆ ಬಳಗದಲ್ಲಿ ಕೆಸರು ಎನ್ನುತ್ತಿದ್ದರು.

“ಮೊಣಕಾಲವರೆಗೂ ಇಳಿದಿದ್ದೀರಿ,” ಉಸಾಮಿ ತಟ್ಟೆಯ ಮೇಲಿನ ಮೂರನ್ನೂ ನೋಡಿದ. “ಇನ್ನು ಸೊಂಟ. ಆಮೇಲೆ ಕುತ್ತಿಗೆ. ಆಮೇಲೆ ಸುಖ. ಯಾವುದು ತಗೋತೀರಿ?”

“ನೋಡ್ತಿದೀನಿ.”

“ನೋಡ್ತಾನೇ ಇದಾರೆ ಇವರು! ಹಯಾಮಿ-ಸಾನ್, ಇವರಿಗೆ ಇಲ್ಲೇ ಒಂದು ಹಾಸಿಗೆ ಹಾಕಿಕೊಡಿ.”

ಹಯಾಮಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಅಗಲದ್ದು ಅಂದ್ರೆ ಹತ್ತಿರ ಹೋಗ್ಬೇಕು, ತೊಕಿತಾ-ಸಾನ್. ನಿಮ್ಮ ಹಾಗೆ ರಸ್ತೆ ಆ ಕಡೆ ನಿಂತು ತೆಗೆದ್ರೆ ಬರೀ ಆಕಾಶ, ಬರೀ ರಸ್ತೆ. ಮನುಷ್ಯ ಸಾಸಿವೆ ಕಾಳು. ಮೂಗಿಗೆ ಮೂಗು ತಾಗೋ ಹಾಗೆ ಹೋಗ್ಬೇಕು.”

“ಮನೆ ಒಳಗಡೆ ತೆಗೆಯೋಕೆ ಅಷ್ಟೇ.”

“ಮನೆ ಒಳಗಡೆ ಏನಿದೆ ತೆಗೆಯೋಕೆ?”

ಉಸಾಮಿ ಉತ್ತರಕ್ಕೆ ಕಾಯುವವನಾಗಿರಲಿಲ್ಲ.

“ಚಿಕ್ಕ ಲೆನ್ಸಿನ ಗುಟ್ಟು ಹೇಳ್ಲಾ? ಫೋಕಸ್ ದೂರಾನ ಎರಡು ಮೀಟರಿಗೆ ಇಟ್ಟುಬಿಡಿ. ಬೆಳಕು ಬರೋ ರಂಧ್ರ ಕಿರಿದು ಮಾಡಿ. ಆಮೇಲೆ ಯಾರ ಮೇಲೂ ಗುರಿ ಇಡೋದೇ ಬೇಡ. ಮುಂದಿರೋರು, ಹಿಂದಿರೋರು, ಎಲ್ಲರೂ ಒಂದು ಮಟ್ಟಕ್ಕೆ ಸ್ಪಷ್ಟ.”

ಯಾರ ಮೇಲೂ ಗುರಿ ಇಡಬೇಕಾಗಿಲ್ಲ. ಆ ಮಾತು ತೊಕಿತಾಗೆ ತುಂಬ ಹಿಡಿಸಿತು. ಹಿಡಿಸಿತು ಎಂಬುದಕ್ಕೆ ತುಸು ನಾಚಿಕೆಯೂ ಆಯಿತು.

ಇಪ್ಪತ್ತೊಂದನ್ನು ಮೊದಲು ಹಾಕಿದರು. ಅವನ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ನೋಡುವುದಲ್ಲ. ಪಕ್ಕದಲ್ಲಿ ಬೇರೆಯೇ ಒಂದು ಪುಟ್ಟ ಕಿಟಕಿ ಇದೆ, ಅದರಲ್ಲಿ ಬಿಳಿ ಗೆರೆಯ ಚೌಕಟ್ಟು. ಆ ಚೌಕಟ್ಟು ಇಪ್ಪತ್ತೆಂಟರವರೆಗೆ ಮಾತ್ರ. ಅದಕ್ಕಿಂತ ಅಗಲದ ಲೆನ್ಸಾದರೆ, ಕಣ್ಣಿಗೆ ಕಾಣದ್ದೂ ಚಿತ್ರದಲ್ಲಿ ಬಂದು ಕೂರುತ್ತದೆ.

“ಕ್ಯಾಮೆರಾ ತಲೆ ಮೇಲೆ ಸಿಕ್ಕಿಸೋ ಬೇರೆ ಕಿಟಕಿ ಕೊಡ್ಲಾ? ಪೂರ್ತಿ ಕಾಣುತ್ತೆ,” ಎಂದಳು ಹಯಾಮಿ.

“ಬೇಡ ಬೇಡ. ಬರೀ ಪರೀಕ್ಷೆ ಅಲ್ವಾ.”

ಅವನು ಬಾಗಿಲಿಗೆ ಬಂದು ನಿಂತ. ಹೊರಗೆ ನವೆಂಬರಿನ ಮಧ್ಯಾಹ್ನ ಹಾಲಿನ ಕೆನೆಯಂತೆ ರಸ್ತೆಯ ಮೇಲೆ ಹರಡಿತ್ತು. ಗಿಂಕೋ ಕಾಯಿಗಳ ಕೊಳೆತ ವಾಸನೆ. ಸೈಕಲ್ ತಳ್ಳಿಕೊಂಡು ಹೋಗುವ ಹೆಂಗಸೊಬ್ಬಳು ನೀರಲ್ಲಿ ನಡೆದಂತೆ ನಿಧಾನವಾಗಿ ಹೋದಳು, ಸದ್ದೇ ಇರಲಿಲ್ಲ. ಎದುರಿಗೆ ಹಲ್ಲಿನ ದವಾಖಾನೆಯ, ಕಂದು ಹೆಂಚುಬಿಲ್ಲೆ ಅಂಟಿಸಿದ ಗೋಡೆ. ಲೆನ್ಸ್ ಪರೀಕ್ಷಿಸುವವರಿಗೆಲ್ಲ ಅಂಥ ಗೋಡೆಯೇ ಇಷ್ಟ. ಸಾಲು ಸಾಲು ಹೆಂಚು, ನೇರ ಗೆರೆಗಳು. ಗೆರೆ ಬಾಗಿದರೆ ತಿಳಿಯುತ್ತದೆ, ಅಂಚು ಕಲಸಿದರೆ ತಿಳಿಯುತ್ತದೆ. ಗೋಡೆ ನಗುವುದಿಲ್ಲ, ಏನಾದರೂ ಹೇಳಲಿ ಎಂದು ಕಾಯುವುದೂ ಇಲ್ಲ.

ಕ್ಯಾಮೆರಾ ಮುಖಕ್ಕೆ ಏರಿಸಿದ. ಗೋಡೆ ಬಿಳಿ ಚೌಕಟ್ಟಿನೊಳಗೆ ಬಂದು ಕೂತಿತು. ಒಂದು ಚಿತ್ರ. ರಂಧ್ರ ಕಿರಿದು ಮಾಡಿ ಇನ್ನೊಂದು. ಮತ್ತೂ ಕಿರಿದು ಮಾಡಿ ಇನ್ನೊಂದು. ಒಂದೊಂದರ ನಡುವೆಯೂ ಉಸಿರು ಹಿಡಿದು, ಬಿಟ್ಟು, ಅಂಕಿ ಸರಿಯಾಗಿದೆಯೇ ಎಂದು ಎರಡೆರಡು ಸಲ ನೋಡಿದ. ಜೇಬಿನಲ್ಲಿ ಫೋನು ಸದ್ದಿಲ್ಲದ ಸ್ಥಿತಿಯಲ್ಲಿತ್ತು. ಅಂಗಡಿಯೊಳಗೆ ಅದು ಬಡಿದುಕೊಂಡರೆ ಹತ್ತು ಮುದುಕರು ತಿರುಗಿ ನೋಡುತ್ತಾರೆ. ಅವನು ಒಳಗೆ ಹೋದ, ಹಯಾಮಿ ಲೆನ್ಸ್ ಬದಲಿಸಿದಳು, ಅವನು ಮತ್ತೆ ಬಂದು ಅದೇ ಹೆಂಚಿನ ಮುಂದೆ ನಿಂತ. ಇಪ್ಪತ್ತೈದು. ಮತ್ತೆ ಒಳಗೆ, ಮತ್ತೆ ಹೊರಗೆ. ಇಪ್ಪತ್ತೆಂಟು.

ಅವನಿಗೆ ತುಂಬ ಹಗುರವೆನಿಸಿತು. ಕ್ಯಾಮೆರಾ ಮುಖದ ಮೇಲಿದ್ದಷ್ಟು ಹೊತ್ತೂ ತಾನು ಇಲ್ಲ, ಬರೀ ನೋಟ ಇದೆ ಅನಿಸುವ ಆ ಸುಖ. ಕೈಗಡಿಯಾರ ಕೋಟಿನ ತೋಳಿನೊಳಗಿತ್ತು. ಅವನು ತೋಳು ಸರಿಸಲಿಲ್ಲ.

“ಮೂರನ್ನೂ ಸಂಜೆವರೆಗೆ ತೆಗೆದಿಟ್ಟಿರ್ತೀನಿ,” ಎಂದಳು ಹಯಾಮಿ. “ನಿಧಾನವಾಗಿ ಚಿತ್ರ ನೋಡಿ ಹೇಳಿ.”

ಅಂಗಡಿಯ ಮಹಡಿಯ ಮೇಲೆ ಹಳೆಯ ಕಾಫಿ ಅಂಗಡಿ. ಕೆಳಗೆ ಪರೀಕ್ಷೆ ಮಾಡಿದವರು ಮೇಲೆ ಬಂದು ಅಂಚು ನೋಡುವುದು ವಾಡಿಕೆ. ತೊಕಿತಾ ಕಿಟಕಿಯಿಂದ ದೂರದ ಮೂಲೆಯಲ್ಲಿ, ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಮುಳುಗಿದ. ಎರಡು ಮೇಜಿನಾಚೆ ಇನ್ನೊಬ್ಬನೂ ತನ್ನ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಅದೂ ವಾಡಿಕೆ.

ಪರದೆಯಲ್ಲಿ ಕೊನೆಯ ಚಿತ್ರವೇ ಮೊದಲು ಬಂತು. ಇಪ್ಪತ್ತೆಂಟು. ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿದ. ಗೋಡೆ, ಗೋಡೆ, ಒಂದು ತುಂಡು ಆಕಾಶ, ಗೋಡೆ. ಒಪ್ಪವಾಗಿತ್ತು. ಬೇಡವಾದದ್ದು ಒಂದೂ ಇರಲಿಲ್ಲ. ಇದೇ ಸರಿ ಎಂದುಕೊಂಡ. ಇದೇ ಸರಿ ಅನಿಸಿದ ಕೂಡಲೇ ಉಳಿದ ಎರಡನ್ನೂ ನೋಡದೆ ತೀರ್ಮಾನಿಸುವುದು ಅನ್ಯಾಯ ಅನಿಸಿತು.

ಇಪ್ಪತ್ತೈದು. ಎಡ ಅಂಚಿನಲ್ಲಿ, ನಡುವಿಗಿಂತ ಸ್ವಲ್ಪ ಕೆಳಗೆ, ಉದ್ದನೆಯ ಬೂದು ಕಲೆ. ಲೆನ್ಸಿನ ದೋಷವೋ, ಬೆರಳು ಅಡ್ಡ ಬಂದಿತ್ತೋ? ದೊಡ್ಡದು ಮಾಡಿದ. ಬಟ್ಟೆಯ ಹಾಗಿತ್ತು. ಯಾರದೋ ಕೋಟಿನ ಅರ್ಧ ತೋಳು. ದಾರಿಹೋಕರು. ಗಮನಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಇಪ್ಪತ್ತೊಂದು. ಮೂರರಲ್ಲಿ ಮೊದಲು ತೆಗೆದದ್ದನ್ನು ತೆರೆದ. ನಿರೀಕ್ಷಿಸಿದ ಹಾಗೆಯೇ ಅಂಚುಗಳು ಕೆಂಪಗೆ ಕಂದಿದ್ದವು. ಪುಟ್ಟ ಅಗಲದ ಲೆನ್ಸುಗಳಿಗೆ ಡಿಜಿಟಲ್ ಕ್ಯಾಮೆರಾದಲ್ಲಿ ಆ ರೋಗವಿದೆ. ಎಡ ಮೂಲೆಗೆ ಸರಿದ. ಬಣ್ಣ ಕೆಂಪು, ಆದರೂ ಸಹಿಸಬಹುದು. ಸ್ಪಷ್ಟತೆ ಸಾಲದು. ಅಂಚಿನಲ್ಲಿ ನಿಂತ ಆಕೃತಿ ಸುಮಾರಾಗಿ ಎಳೆದಂತಾಗಿದೆ. ಭುಜ ಅಗಲ, ತಲೆ ಒಂದು ಕಡೆಗೆ ವಾಲಿದೆ. ಇಷ್ಟು ಅಗಲಕ್ಕೆ ಇದು ಇದ್ದದ್ದೇ. ಬೂದು ಕೋಟು, ಕಿವಿಗೆ ಹಿಡಿದ ಫೋನು. ಕೂದಲ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತಿಲ್ಲ. ಹತ್ತಕ್ಕೆ ಐದು ಅಂಕ ಕೊಡಬಹುದು.

ಅಂಕ ಕೊಟ್ಟಾದ ಮೇಲೆ ಅದು ಚಿಗುಸಾ ಎಂದು ಗೊತ್ತಾಯಿತು.

ಅವನು ಕಾಫಿ ಬಟ್ಟಲನ್ನು ನಿಧಾನವಾಗಿ ದೂರ ಸರಿಸಿದ. ಅದು ಚೆಲ್ಲಿದರೆ ಕ್ಯಾಮೆರಾಕ್ಕೆ ತಾಗುತ್ತದೆ. ಇಂಥ ಹೊತ್ತಿನಲ್ಲೂ ಇದು ಹೊಳೆಯಿತಲ್ಲ ಎಂದು ತನ್ನ ಮೇಲೆ ಹೇಸಿಗೆಯಾಯಿತು. ಆಮೇಲೆ ಮೊದಲಿನಿಂದ, ತೆಗೆದ ಕ್ರಮದಲ್ಲಿ ನೋಡಿದ.

ಮೊದಲನೆಯದು. ಚಿಗುಸಾ ಏಜೆಂಟನ ಕಿಟಕಿಯ ಮುಂದೆ ನಿಂತಿದ್ದಾಳೆ, ಫೋನು ಕಿವಿಯಲ್ಲಿದೆ, ಮುಖ ಈ ಕಡೆಗಿದೆ.

ಎರಡನೆಯದು. ಫೋನು ಕೆಳಗಿಳಿದಿದೆ. ಮುಖ ಇನ್ನೂ ಈ ಕಡೆಗೇ ಇದೆ.

ಮೂರನೆಯದು. ಬೆನ್ನು. ಕಿಟಕಿಯ ಕಡೆ ತಿರುಗಿ ಕೈ ಎತ್ತಿದ್ದಾಳೆ. ಗಾಜಿಗೆ ಅಂಟಿಸಿದ ಮನೆಗಳ ನಕ್ಷೆಗಳಲ್ಲಿ ಒಂದನ್ನು ಬೆರಳಿಂದ ತೋರಿಸುತ್ತಿದ್ದಾಳೆ. ಗಾಜಿನೊಳಗೆ ಬಿಳಿ ಅಂಗಿಯ ಯಾರೋ ಬಗ್ಗಿದ್ದಾರೆ.

ಫೋನು ತೆಗೆದು ನೋಡಿದ. ಅವಳ ಕರೆ ಬಂದಿತ್ತು, ಒಂದೇ ಒಂದು ಸಲ.

ತನ್ನ ಕಡೆಯಿಂದ ಅವನಿಗೆ ಎಲ್ಲ ಸ್ಪಷ್ಟವಾಗಿತ್ತು. ಪುಟ್ಟ ಕಿಟಕಿಯಲ್ಲಿ ಗೋಡೆ ಮಾತ್ರ ಕಂಡಿತ್ತು. ಇಪ್ಪತ್ತೊಂದರ ಅಗಲ ಚೌಕಟ್ಟಿನಲ್ಲಿ ಕಾಣುವುದಿಲ್ಲ. ಬೇರೆ ಕಿಟಕಿ ಕೊಡುತ್ತೇನೆಂದು ಹಯಾಮಿ ಹೇಳಿದ್ದಳು, ತಾನೇ ಬೇಡವೆಂದಿದ್ದ. ಬಳಗದವರ ಮುಂದೆ ಇಟ್ಟರೆ ಎಲ್ಲರೂ ತಲೆಯಾಡಿಸಿ ಒಪ್ಪುವಂಥ ವಿವರಣೆ.

ಅವಳ ಕಡೆಯಿಂದ ನೋಡಲು ಪ್ರಯತ್ನಿಸಿದ. ಅದು ಅವನಿಗೆ ಅಭ್ಯಾಸವಿಲ್ಲದ ಕೆಲಸ. ರಸ್ತೆಯ ಆಚೆ ಗಂಡ ನಿಂತಿದ್ದಾನೆ. ಮುಖವಿರಬೇಕಾದ ಜಾಗದಲ್ಲಿ ಕ್ಯಾಮೆರಾ ಇದೆ. ಕ್ಯಾಮೆರಾ ಗೋಡೆ ನೋಡುತ್ತಿದೆಯೋ ತನ್ನನ್ನೋ, ಅಷ್ಟು ದೂರದಿಂದ ಯಾರಿಗೆ ತಿಳಿಯುತ್ತದೆ? ಕರೆದರೆ ಫೋನು ಎತ್ತುವುದಿಲ್ಲ. ಒಂದು ಸಲ ತೆಗೆಯುತ್ತಾನೆ. ಎರಡು ಸಲ ತೆಗೆಯುತ್ತಾನೆ. ರಸ್ತೆ ದಾಟುವುದಿಲ್ಲ. ಮೂರನೆಯ ಸಲ ತೆಗೆಯುವಾಗ ಅವಳು ತಿರುಗಿಕೊಳ್ಳುತ್ತಾಳೆ.

ಅವನು ಅವಳಿಗೆ ಕರೆ ಮಾಡಿದ. ಅತ್ತ ಗಂಟೆ ಹೊಡೆಯುತ್ತಲೇ ಇತ್ತು. ಆ ಸದ್ದು ಯಾವುದೋ ಖಾಲಿ ಕೋಣೆಯಲ್ಲಿ ಆಗುತ್ತಿರುವಂತೆ, ಆ ಕೋಣೆ ಎಷ್ಟು ಚಾಪೆಯದೆಂದು ಲೆಕ್ಕ ಹಾಕುತ್ತ ತಾನು ಹೊರಗೆ ನಿಂತಿರುವಂತೆ ಅನಿಸಿತು. ಆಮೇಲೆ ತಾನಾಗಿಯೇ ನಿಂತಿತು.

ಕೆಳಗಿಳಿದು ರಸ್ತೆ ದಾಟಿದ. ಆ ರಸ್ತೆ ಇಷ್ಟು ಕಿರಿದೆಂದು ಅವನು ಗಮನಿಸಿಯೇ ಇರಲಿಲ್ಲ.

ಏಜೆಂಟನ ಗಾಜಿನ ಮೇಲೆ ನಕ್ಷೆಗಳು ಸಾಲಾಗಿ ಅಂಟಿಕೊಂಡಿದ್ದವು. ನಡುವೆ ಅಕ್ಕಪಕ್ಕ ಎರಡು ಜಾಗ ಖಾಲಿ. ಅಂಟುಪಟ್ಟಿಯ ಚೂರುಗಳು ಮೂಲೆಗಳಲ್ಲಿ ಉಳಿದಿದ್ದವು. ಒಳಗೆ ಬಿಳಿ ಅಂಗಿಯ ಗಂಡಸು ಎದ್ದು ನಿಂತು ಬಗ್ಗಿ ವಂದಿಸಿದ. ತೊಕಿತಾ ಇನ್ನೂ ಆಳವಾಗಿ ಬಗ್ಗಿದ.

“ಸ್ವಲ್ಪ ಹೊತ್ತಿನ ಮುಂಚೆ, ಬೂದು ಕೋಟಿನವರು ಒಬ್ಬರು... ತೊಕಿತಾ ಅಂತ.”

“ಕ್ಷಮಿಸಬೇಕು. ಬೇರೆ ಗಿರಾಕಿಗಳ ವಿಷಯ ನಾವು ಹೇಳೋ ಹಾಗಿಲ್ಲ.”

“ನಾನು ಅವರ ಗಂಡ.”

“ಓ, ಹೌದಾ.” ಗಂಡಸು ತುಸು ತಲೆ ವಾಲಿಸಿ, ಬಹಳ ನಯವಾಗಿ, “ಹಾಗಾದ್ರೆ ಮನೆಗೆ ಹೋಗಿ ಕೇಳಬಹುದಲ್ವಾ?” ಎಂದ.

ಅದು ಎಲ್ಲಕ್ಕಿಂತ ಸುಲಭದ ದಾರಿ. ತೊಕಿತಾಗೆ ಅದು ಹೊಳೆದಿರಲೇ ಇಲ್ಲ.

“ಗಾಜಿನ ಮೇಲೆ ಎರಡು ಹಾಳೆ ಇಲ್ಲ,” ಎಂದ.

“ಒಳಗೆ ತಂದಿದೀವಿ. ಉಳಿದದ್ದನ್ನ ಸೋಮವಾರ ಮತ್ತೆ ಅಂಟಿಸ್ತೀವಿ.”

“ಯಾವ್ಯಾವುದು ಇತ್ತು ಅಲ್ಲಿ? ಅದನ್ನಾದ್ರೂ ಹೇಳಬಹುದಾ?”

ಗಂಡಸು ಯೋಚಿಸಿದ. ಬೀದಿಗೆ ಕಾಣುವಂತೆ ಅಂಟಿಸಿದ್ದನ್ನು ಹೇಳುವುದರಲ್ಲಿ ತಪ್ಪಿಲ್ಲವೆಂದು ತೀರ್ಮಾನಿಸಿದ ಹಾಗಿತ್ತು.

“ಹೊರಗಡೆಯಿಂದ ನೋಡಿದ್ರೆ ಎಡಗಡೆ ಎರಡು ರೂಮಿಂದು. ಬಲಗಡೆ ಒಂದು ರೂಮಿಂದು. ನಿಮಗೂ ಮನೆ ಬೇಕಿತ್ತಾ?”

ತೊಕಿತಾ ಮತ್ತೆ ಬಗ್ಗಿ ವಂದಿಸಿ ಹೊರಗೆ ಬಂದ.

ಎಡಗಡೆಯದು ದೊಡ್ಡದು. ಬಲಗಡೆಯದು ಚಿಕ್ಕದು. ಅವಳ ಬೆರಳು ಯಾವುದರ ಮೇಲಿದೆಯೋ ಅವಳು ಆರಿಸಿದ್ದು ಅದೇ. ಅವನ ಎದೆ ಜೋರಾಗಿ ಹೊಡೆದುಕೊಂಡಿತು. ಎಷ್ಟೋ ವರ್ಷಗಳಿಂದ ಯಾವುದಕ್ಕೂ ಹಾಗೆ ಹೊಡೆದುಕೊಂಡಿರಲಿಲ್ಲ. ಉತ್ತರ ತನ್ನ ಕೈಯಲ್ಲೇ ಇತ್ತು. ಮೂರನೆಯ ಚಿತ್ರ. ಅವಳು ಇಬ್ಬರಿಗಾಗಿ ದೊಡ್ಡದನ್ನು ಹಿಡಿದಿಡಲು ಹೇಳಿರಬಹುದು. ಮುದ್ರೆ ಆಮೇಲೆ ತರುತ್ತಾರೆ, ನಮ್ಮವರು ಯಾವಾಗಲೂ ನಿಧಾನ, ಎಂದು ನಕ್ಕಿರಬಹುದು. ಹಾಗಿದ್ದರೆ ಈಗಲೇ ಒಳಗೆ ಹೋಗಿ ಮುದ್ರೆ ಒತ್ತಬಹುದು. ಹಾಗಿಲ್ಲದಿದ್ದರೆ...

ಮೊದಲು ನೋಡೋಣ.

ಖಾಲಿ ಗಾಜಿನ ಮುಂದೆ, ಸರಿಸುಮಾರು ಅವಳು ನಿಂತಿದ್ದ ಜಾಗದಲ್ಲೇ, ಅವನು ಪರದೆಯನ್ನು ಕಣ್ಣಿಗೆ ಹತ್ತಿರ ತಂದ. ಚಿತ್ರ ದೊಡ್ಡದು ಮಾಡಿದ. ಎಡ ಅಂಚು. ಬೂದು ಬೆನ್ನು. ಎತ್ತಿದ ತೋಳು. ತೋಳಿನ ತುದಿ ಗಾಜಿನ ಕಡೆಗೆ ಹೋಗಿ ಹೋಗಿ ತೆಳುವಾಗಿ, ಅಡ್ಡಕ್ಕೆ ಎಳೆದುಕೊಂಡು, ಎರಡು ಬಿಳಿ ಹಾಳೆಗಳ ಮೇಲೂ ಒಂದೇ ಸಮನೆ ಕಲಸಿಹೋಗಿತ್ತು.

“ಏನು ತೊಕಿತಾ-ಸಾನ್, ನಡುಬೀದೀಲಿ ಅಂಚು ನೋಡ್ತಿದೀರಾ?”

ಉಸಾಮಿ ಕಾಗದದ ಚೀಲ ಹಿಡಿದು ಸ್ಟೇಷನ್ ಕಡೆ ಹೊರಟಿದ್ದ. ಏನನ್ನೋ ಕೊಂಡ ಮನುಷ್ಯನ ಗೆಲುವು ಮುಖದ ಮೇಲಿತ್ತು.

“ಸರಿಯಾಗಿ ಕಾಣ್ತಿಲ್ಲ,” ಎಂದ ತೊಕಿತಾ.

ಉಸಾಮಿ ಕನ್ನಡಕ ಹಣೆಗೇರಿಸಿ ಪರದೆಗೆ ಇಣುಕಿದ. “ಇಪ್ಪತ್ತೊಂದು ತಾನೇ? ಅಷ್ಟು ಚಿಕ್ಕ ಲೆನ್ಸಿಂದ ಇನ್ನೇನು ಕೇಳ್ತೀರಿ? ನಡು ಭಾಗ ನೋಡಿ, ಆಹಾ, ಹೆಂಚು ಎಣಿಸಬಹುದು! ಅಂಚಲ್ಲಿ ಯಾರಿದ್ರೆ ಏನು, ಅಲ್ಲಿ ಯಾರು ನೋಡ್ತಾರೆ ಬಿಡಿ.” ಭುಜ ತಟ್ಟಿದ. “ಅಂದ ಹಾಗೆ ನಿಮ್ಮಾಕೆಗೆ ನಮಸ್ಕಾರ ಹೇಳಿ.”

ಅವನು ಹೋದ. ಬೆಳಕು ಹಳದಿಗೆ ತಿರುಗಿ, ಎಲೆಗಳ ಬಣ್ಣವೂ ಬೀದಿಯ ಬಣ್ಣವೂ ಒಂದಾಗತೊಡಗಿದವು. ಜನ ಅವನ ಎರಡೂ ಬದಿಯಿಂದ, ಹೊಳೆಯ ನಡುವಿನ ಕಲ್ಲನ್ನು ಬಳಸಿಕೊಂಡು ಹೋಗುವ ನೀರಿನಂತೆ, ತಾಗದೆ ಹರಿದರು.

ತೊಕಿತಾ ಇನ್ನೊಂದು ಹಂತ ದೊಡ್ಡದು ಮಾಡಿದ. ಬೆರಳು ಹೋಗಿ ಗುಲಾಬಿ ಬಣ್ಣದ ಕೆಲವು ಚೌಕಗಳಾದವು. ಇನ್ನೂ ಒಂದು ಹಂತ. ಪರದೆಯ ತುಂಬ ಒಂದೇ ಬಣ್ಣದ ನಾಲ್ಕು ಚೌಕಗಳು, ನಡುವೆ ತೆಳು ಗೆರೆ. ಗೋಡೆಯಿಲ್ಲದ, ಬಾಗಿಲಿಲ್ಲದ, ಯಾರೂ ಇರದ ನಾಲ್ಕು ಕೋಣೆಗಳ ನಕ್ಷೆಯಂತೆ. ಅವನ ಹೆಬ್ಬೆರಳು ಇನ್ನೂ ಗುಂಡಿಯನ್ನು ಒತ್ತುತ್ತಲೇ ಇತ್ತು. ಅದಕ್ಕಿಂತ ದೊಡ್ಡದಾಗಲು ಕ್ಯಾಮೆರಾದಲ್ಲಿ ದಾರಿಯಿರಲಿಲ್ಲ.

ಚಿಗುಸಾಳ ಬೆರಳು ಯಾವ ಹಾಳೆಯ ಮೇಲಿತ್ತು, ನನಗೆ ಗೊತ್ತಿಲ್ಲ.